ಕಂದಾಯದ ನೋಟಿಸಿಗೆ ಉತ್ತರ ಬರೆಯುವವರು ಯಾರು?

2021ರಲ್ಲಿ ಬೆಂಗಳೂರಿನ ಸುಮಾರು 78 ಸಾವಿರ ಆಸ್ತಿ ಮಾಲೀಕರಿಗೆ ಮಹಾನಗರ ಪಾಲಿಕೆಯಿಂದ ನೋಟಿಸು ಹೋಯಿತು. 2016ರಲ್ಲಿ ತೆರಿಗೆ ವಲಯಗಳು ಬದಲಾಗಿದ್ದರೂ ಇವರು ಹಳೆಯ, ಕಡಿಮೆ ದರದ ವಲಯವನ್ನೇ ನಮೂದಿಸಿ ಕಂದಾಯ ಕಟ್ಟುತ್ತ ಬಂದಿದ್ದಾರೆ ಎಂಬುದು ಆರೋಪ. ವ್ಯತ್ಯಾಸದ ಹಣ ಕಟ್ಟಬೇಕು, ಅದರ ಎರಡರಷ್ಟು ದಂಡ ತೆರಬೇಕು, ತಿಂಗಳಿಗೆ ಶೇ 2ರಂತೆ ಬಡ್ಡಿಯನ್ನೂ ಸೇರಿಸಬೇಕು. ನೋಟಿಸು ಹಿಡಿದು ವಾರ್ಡ್ ಕಚೇರಿಗೆ ಓಡಿದ ಅನೇಕರು ಹೇಳಿದ್ದು ಒಂದೇ ಮಾತು: ಆನ್‌ಲೈನ್ ಫಾರಂ ಯಾವ ವಲಯ ತೋರಿಸಿತೋ ಅದಕ್ಕೇ ಕಟ್ಟಿದೆವು, ರಸೀದಿಯೂ ಬಂತು, ಇಷ್ಟು ವರ್ಷ ಯಾರೂ ತಪ್ಪು ಎನ್ನಲಿಲ್ಲ.

ಆ ನೋಟಿಸಿನ ಹಿಂದಿನ ಲೆಕ್ಕವನ್ನು ಒಮ್ಮೆ ಬಿಡಿಸಿ ನೋಡಬೇಕು. 2008ರಲ್ಲಿ ಬಂದ ಯೂನಿಟ್ ಏರಿಯಾ ಪದ್ಧತಿಯಲ್ಲಿ ನಗರವನ್ನು ‘ಎ’ಯಿಂದ ‘ಎಫ್’ವರೆಗೆ ಆರು ವಲಯಗಳಾಗಿ ಹಂಚಲಾಯಿತು. ಮಾಲೀಕರೇ ವಾಸವಿರುವ ಆರ್‌ಸಿಸಿ ಮನೆಗೆ ‘ಸಿ’ ವಲಯದಲ್ಲಿ ಚದರ ಅಡಿಗೆ ತಿಂಗಳಿಗೆ 1.80 ರೂಪಾಯಿ, ‘ಡಿ’ ವಲಯದಲ್ಲಿ 1.60 ರೂಪಾಯಿ ಎಂದು ನಿಗದಿಯಾಯಿತು. ಬಾಡಿಗೆಗೆ ಕೊಟ್ಟರೆ ದರ ಅದರ ಎರಡರಷ್ಟು. ಚದರ ಅಡಿಯನ್ನು ದರಕ್ಕೂ ಹತ್ತು ತಿಂಗಳಿಗೂ ಗುಣಿಸಿ, ಕಟ್ಟಡದ ವಯಸ್ಸಿಗೆ ತಕ್ಕಂತೆ ಸವಕಳಿ ಕಳೆದು, ಉಳಿದದ್ದರಲ್ಲಿ ಶೇ 20 ತೆರಿಗೆ. ಅದರ ಮೇಲೆ ಶೇ 24 ಸೆಸ್. ಸಾವಿರ ಚದರ ಅಡಿಯ ಮನೆಗೆ, ಸವಕಳಿಯನ್ನು ಪಕ್ಕಕ್ಕಿಟ್ಟರೆ, ‘ಡಿ’ ವಲಯದಲ್ಲಿ ತೆರಿಗೆ 3,200 ರೂಪಾಯಿ, ‘ಸಿ’ ವಲಯದಲ್ಲಿ 3,600. ವರ್ಷಕ್ಕೆ 400 ರೂಪಾಯಿ ವ್ಯತ್ಯಾಸ. ಎರಡರಷ್ಟು ದಂಡ ಸೇರಿಸಿದರೆ 1,200. ನಾಲ್ಕು ವರ್ಷಕ್ಕೆ 4,800. ಸೆಸ್ಸು, ಬಡ್ಡಿ ಬೇರೆ. 2016ರಲ್ಲಿ ವಾಸದ ಮನೆಗಳ ದರ ಶೇ 20ರಷ್ಟು ಏರಿದ್ದರಿಂದ ನಿಜವಾದ ಮೊತ್ತ ಇನ್ನೂ ಸ್ವಲ್ಪ ಹೆಚ್ಚು.

ನಿವೃತ್ತ ಗುಮಾಸ್ತರೊಬ್ಬರಿಗೆ ಅದು ಒಂದು ತಿಂಗಳ ಔಷಧಿ, ದಿನಸಿ, ವಿದ್ಯುತ್ ಬಿಲ್ಲು. ವಕೀಲರೊಬ್ಬರಿಗೆ ಅದು ಕಡತ ತೆರೆಯುವ ಖರ್ಚಿಗೂ ಸಾಲದು. ಹಾಗಾಗಿ ನೋಟಿಸು ತಪ್ಪೆಂದು ಗೊತ್ತಿದ್ದವರೂ ‘ಕಟ್ಟಿಬಿಡೋಣ, ಕೋರ್ಟು ಕಚೇರಿ ಯಾರಿಗೆ ಬೇಕು’ ಎನ್ನುತ್ತಾರೆ. ಸಣ್ಣ ಮೊತ್ತದ ದೊಡ್ಡ ಅನ್ಯಾಯಕ್ಕೆ ವಕೀಲರು ಸಿಗುವುದಿಲ್ಲ ಎಂಬ ಈ ಸಂಗತಿಯೇ ಈ ಉಪನ್ಯಾಸದ ವಸ್ತು.

ಬೆಂಗಳೂರು ಈ ಸ್ಥಿತಿಗೆ ಬಂದ ದಾರಿಯಲ್ಲಿ ಒಳ್ಳೆಯ ಉದ್ದೇಶವೂ ಇತ್ತು ಎಂಬುದನ್ನು ಮರೆಯಬಾರದು. 2000ಕ್ಕೆ ಮುಂಚೆ ಕಂದಾಯ ನಿಂತದ್ದು ವಾರ್ಷಿಕ ಬಾಡಿಗೆ ಮೌಲ್ಯದ ಮೇಲೆ. ಅದನ್ನು ಅಂದಾಜು ಮಾಡುವವರು ಮನೆಬಾಗಿಲಿಗೆ ಬರುವ ಪಾಲಿಕೆಯ ಸಿಬ್ಬಂದಿ. ಒಂದೇ ಬೀದಿಯ, ಒಂದೇ ಅಳತೆಯ ಎರಡು ಮನೆಗಳಿಗೆ ಎರಡು ಬಗೆಯ ಕಂದಾಯ ಬೀಳುತ್ತಿತ್ತು. ಪಾಟ್ನಾ ನಗರ 1990ರ ದಶಕದಲ್ಲಿ ವಿಸ್ತೀರ್ಣ, ರಸ್ತೆ, ಬಳಕೆ, ಕಟ್ಟಡದ ಬಗೆ ಇವನ್ನು ಆಧರಿಸಿದ ನಿಯಮ ತಂದಿತ್ತು. ಸುಪ್ರೀಂ ಕೋರ್ಟ್ ಅದನ್ನು ಒಪ್ಪಿತ್ತು. ಆ ಮಾದರಿ ಕಣ್ಣೆದುರಿಗಿದ್ದಾಗ ಬೆಂಗಳೂರು 2000ದಲ್ಲಿ ಸ್ವಯಂ ಘೋಷಣೆಯ ಪದ್ಧತಿಗೆ ಹೊರಳಿತು. ಮಾಲೀಕರೇ ಅಳೆದು, ಮಾಲೀಕರೇ ಲೆಕ್ಕ ಹಾಕಿ, ಮಾಲೀಕರೇ ಕಟ್ಟುವ ವ್ಯವಸ್ಥೆ ಅದು. ಅಂದಾಜು ಮಾಡುವವನ ದಾಕ್ಷಿಣ್ಯದಿಂದ ಜನ ಬಿಡುಗಡೆ ಪಡೆದರು. ಆದರೆ ಲೆಕ್ಕದ ಜವಾಬ್ದಾರಿಯ ಜೊತೆಗೆ ತಪ್ಪಿನ ಜವಾಬ್ದಾರಿಯೂ ಅವರ ಹೆಗಲಿಗೇ ಬಂತು. 2021ರ ನೋಟಿಸುಗಳು ಹುಟ್ಟಿದ್ದು ಅಲ್ಲಿಂದ.

ಅಮೆರಿಕದ ಇಲಿನಾಯ್ ರಾಜ್ಯದಲ್ಲಿ ಕಥೆ ಬೇರೆ ಕಡೆಯಿಂದ ಶುರುವಾಗುತ್ತದೆ. ಶಿಕಾಗೋ ನಗರವನ್ನು ಒಳಗೊಂಡ ಕುಕ್ ಕೌಂಟಿಯಲ್ಲಿ ಸುಮಾರು 18 ಲಕ್ಷ ಆಸ್ತಿಗಳಿವೆ. ಅಲ್ಲಿ ಮಾಲೀಕರು ಏನನ್ನೂ ಘೋಷಿಸುವುದಿಲ್ಲ. ಚುನಾಯಿತ ಅಧಿಕಾರಿಯಾದ ಅಸೆಸರ್ ಪ್ರತಿ ಮೂರು ವರ್ಷಕ್ಕೊಮ್ಮೆ ಮನೆಗೆ ಬೆಲೆ ಕಟ್ಟುತ್ತಾರೆ. ಕೌಂಟಿಯನ್ನು ಮೂರು ಭಾಗ ಮಾಡಿ, ಒಂದು ವರ್ಷ ಉತ್ತರದ ಉಪನಗರಗಳು, ಮರುವರ್ಷ ದಕ್ಷಿಣ ಮತ್ತು ಪಶ್ಚಿಮದವು, ಮೂರನೆಯ ವರ್ಷ ಶಿಕಾಗೋ ನಗರ ಎಂಬ ಸರದಿ. ವಾಸದ ಮನೆಗೆ ಮಾರುಕಟ್ಟೆ ಬೆಲೆಯ ಶೇ 10, ವಾಣಿಜ್ಯ ಕಟ್ಟಡಕ್ಕೆ ಶೇ 25 ತೆರಿಗೆಯ ಲೆಕ್ಕಕ್ಕೆ ಬರುತ್ತದೆ. ನೋಟಿಸು ಅಂಚೆಯಲ್ಲಿ ಬಂದ ಮೇಲೆ ತಕರಾರು ಸಲ್ಲಿಸಲು ಸುಮಾರು ಮೂವತ್ತು ದಿನ. ಮೊದಲು ಅಸೆಸರ್ ಕಚೇರಿಗೆ, ಅಲ್ಲಿ ಆಗದಿದ್ದರೆ ಮೂವರು ಚುನಾಯಿತ ಸದಸ್ಯರ ಬೋರ್ಡ್ ಆಫ್ ರಿವ್ಯೂಗೆ, ಅದಕ್ಕೂ ಮೇಲೆ ರಾಜ್ಯದ ಮೇಲ್ಮನವಿ ಮಂಡಳಿಗೆ ಅಥವಾ ನ್ಯಾಯಾಲಯಕ್ಕೆ ಹೋಗಬಹುದು. ಸ್ವಂತ ಮನೆಯವರು ತಾವೇ ಅರ್ಜಿ ಬರೆಯಬಹುದು, ವಕೀಲರು ಬೇಕೆಂದಿಲ್ಲ. ಕಾಗದದ ಮೇಲೆ ಇದಕ್ಕಿಂತ ಉದಾರ ಏರ್ಪಾಡು ಯಾರೂ ಕೇಳಲಾರರು.

ಆದರೆ ಇಲಿನಾಯ್‌ನ ತೆರಿಗೆಗೆ ಒಂದು ವಿಶೇಷ ಗುಣವಿದೆ. ಶಾಲೆ, ಗ್ರಂಥಾಲಯ, ಉದ್ಯಾನ, ನಗರಾಡಳಿತ ಇವೆಲ್ಲ ತಮಗೆ ವರ್ಷಕ್ಕೆ ಇಷ್ಟು ಹಣ ಬೇಕೆಂದು ಮೊದಲೇ ಗೊತ್ತುಮಾಡುತ್ತವೆ. ಆ ಮೊತ್ತ ಆಮೇಲೆ ಎಲ್ಲ ಆಸ್ತಿಗಳ ಮೇಲೆ ಹಂಚಿಕೆಯಾಗುತ್ತದೆ. ನಮ್ಮ ಊರಹಬ್ಬದ ವಂತಿಗೆಯ ಹಾಗೆ. ಹಬ್ಬಕ್ಕೆ ಒಂದು ಲಕ್ಷ ಬೇಕು, ಊರಲ್ಲಿ ನೂರು ಮನೆ, ಮನೆಗೆ ಸಾವಿರ. ಹತ್ತು ಮನೆಯವರು ಯಜಮಾನರ ಬಳಿ ಹೋಗಿ ತಮ್ಮ ವಂತಿಗೆಯನ್ನು ಐನೂರಕ್ಕೆ ಇಳಿಸಿಕೊಂಡರೆ ಹಬ್ಬದ ಖರ್ಚು ಇಳಿಯುವುದಿಲ್ಲ. ಉಳಿದ ತೊಂಬತ್ತು ಮನೆಯವರು ತಲಾ ಸುಮಾರು ಐವತ್ತಾರು ರೂಪಾಯಿ ಹೆಚ್ಚು ಕೊಡಬೇಕಾಗುತ್ತದೆ. ಕುಕ್ ಕೌಂಟಿಯಲ್ಲಿ ಮೇಲ್ಮನವಿಯ ತಕ್ಕಡಿಯ ಒಂದು ತಟ್ಟೆಯಲ್ಲಿ ಅರ್ಜಿದಾರನಿದ್ದರೆ ಇನ್ನೊಂದರಲ್ಲಿ ಸರ್ಕಾರವಿಲ್ಲ, ಅರ್ಜಿ ಹಾಕದ ನೆರೆಯವನಿದ್ದಾನೆ.

ಅರ್ಜಿ ಹಾಕುವವರು ಯಾರು, ಹಾಕದವರು ಯಾರು? 2017ರಲ್ಲಿ ಶಿಕಾಗೋ ಟ್ರಿಬ್ಯೂನ್ ಪತ್ರಿಕೆಯ ವರದಿಗಾರ ಜೇಸನ್ ಗ್ರೊಟ್ಟೊ ಈ ಪ್ರಶ್ನೆಯ ಬೆನ್ನು ಹತ್ತಿ ತೆರಿಗೆ ದಾಖಲೆಗಳನ್ನು ಜಾಲಾಡಿ ಸರಣಿ ಲೇಖನ ಬರೆದರು. ನಾರ್ತ್ ಲಾನ್‌ಡೇಲ್, ಲಿಟಲ್ ವಿಲೇಜ್‌ನಂಥ ಕಪ್ಪು ಮತ್ತು ಲ್ಯಾಟಿನೋ ಜನರ ಬಡ ಬಡಾವಣೆಗಳಲ್ಲಿ ಮನೆಗಳಿಗೆ ನಿಜಬೆಲೆಗಿಂತ ಹೆಚ್ಚು ಬೆಲೆ ಕಟ್ಟಲಾಗಿತ್ತು. ಸರೋವರದ ದಂಡೆಯ ಗೋಲ್ಡ್ ಕೋಸ್ಟ್, ಲಿಂಕನ್ ಪಾರ್ಕ್‌ನಂಥ ಸಿರಿವಂತ ಕಡೆಗಳಲ್ಲಿ ಕಡಿಮೆ ಕಟ್ಟಲಾಗಿತ್ತು. ತಪ್ಪನ್ನು ತಿದ್ದಬೇಕಾದ ಮೇಲ್ಮನವಿ ಆ ಅಂತರವನ್ನು ಇನ್ನಷ್ಟು ಹಿಗ್ಗಿಸಿತ್ತು, ಏಕೆಂದರೆ ಹೆಚ್ಚಾಗಿ ಮೇಲ್ಮನವಿ ಹಾಕಿ ಗೆಲ್ಲುತ್ತಿದ್ದವರು ಸಿರಿವಂತರೇ. ಶಿಕಾಗೋ ವಿಶ್ವವಿದ್ಯಾಲಯದ ಪ್ರಾಧ್ಯಾಪಕ ಕ್ರಿಸ್ಟಫರ್ ಬೆರಿ ಅವರ ಸಂಶೋಧನೆಯೂ ಇದನ್ನೇ ತೋರಿಸಿತು. ಮರುವರ್ಷದ ಮಾರ್ಚ್‌ನಲ್ಲಿ, ಪಕ್ಷದೊಳಗಿನ ಚುನಾವಣೆಯಲ್ಲಿ ಅಸೆಸರ್ ಜೋಸೆಫ್ ಬೆರಿಯೋಸ್ ಅವರನ್ನು ಮತದಾರರು ಸೋಲಿಸಿ ಫ್ರಿಟ್ಜ್ ಕೇಗಿ ಎಂಬವರನ್ನು ಆರಿಸಿದರು. ಕಂದಾಯದ ಅಂದಾಜಿನಂಥ ಒಣ ವಿಷಯವೊಂದು ಚುನಾವಣೆಯನ್ನು ತಿರುಗಿಸಿದ್ದು ಅಪರೂಪ.

ಅಲ್ಲಿನ ವಕೀಲರು ಹೆಚ್ಚಾಗಿ ಉಳಿತಾಯದಲ್ಲಿ ಪಾಲು ಪಡೆಯುವ ಕರಾರಿನ ಮೇಲೆ ಕೆಲಸ ಮಾಡುತ್ತಾರೆ. ಗೆದ್ದರೆ ಮಾತ್ರ ಶುಲ್ಕ ಎಂಬುದು ಕೇಳಲು ಬಡವರ ಪರವಾದ ಏರ್ಪಾಡಿನಂತಿದೆ. ಆದರೆ ಗಗನಚುಂಬಿ ಕಟ್ಟಡದಲ್ಲಿ ಲಕ್ಷಾಂತರ ಡಾಲರ್ ಉಳಿಸಿ ಪಾಲು ಪಡೆಯಬಲ್ಲವರು ನೂರಿನ್ನೂರು ಡಾಲರ್ ಉಳಿಸುವ ಪುಟ್ಟ ಮನೆಯ ಕಡತವನ್ನು ಯಾಕೆ ಮುಟ್ಟಿಯಾರು? ಇನ್ನೂ ದಿಗಿಲು ಹುಟ್ಟಿಸುವ ಸಂಗತಿ, ಈ ವೃತ್ತಿಯ ಎರಡು ದೊಡ್ಡ ಹೆಸರುಗಳು ರಾಜಕಾರಣದ ಎರಡು ದೊಡ್ಡ ಹೆಸರುಗಳೂ ಆಗಿದ್ದವು. ದಶಕಗಳ ಕಾಲ ಇಲಿನಾಯ್ ವಿಧಾನಸಭೆಯ ಸ್ಪೀಕರ್ ಆಗಿದ್ದ ಮೈಕಲ್ ಮ್ಯಾಡಿಗನ್ ಅವರದು ಒಂದು ತೆರಿಗೆ ಮೇಲ್ಮನವಿ ಸಂಸ್ಥೆ. 1969ರಿಂದ 2023ರವರೆಗೆ, 54 ವರ್ಷ, ಶಿಕಾಗೋ ನಗರಸಭೆಯ ಸದಸ್ಯರಾಗಿದ್ದ ಎಡ್ವರ್ಡ್ ಬರ್ಕ್ ಅವರದು ಇನ್ನೊಂದು. ಟ್ರಂಪ್ ಟವರ್ ಕೂಡ ಬರ್ಕ್ ಅವರ ಕಕ್ಷಿದಾರನಾಗಿತ್ತು. ನಗರಸಭೆಯ ಅಧಿಕಾರ ಬಳಸಿ, ಬರ್ಗರ್ ಕಿಂಗ್ ಅಂಗಡಿಯೊಂದರ ನವೀಕರಣದ ಪರವಾನಗಿಯನ್ನೂ ಹಳೆಯ ಅಂಚೆ ಕಚೇರಿ ಕಟ್ಟಡದ ಅಭಿವೃದ್ಧಿಯನ್ನೂ ಮುಂದಿಟ್ಟುಕೊಂಡು, ತೆರಿಗೆ ಕೆಲಸವನ್ನು ತಮ್ಮ ಸಂಸ್ಥೆಗೇ ಕೊಡುವಂತೆ ಒತ್ತಾಯಿಸಿದ್ದಕ್ಕಾಗಿ 2023ರ ಡಿಸೆಂಬರ್‌ನಲ್ಲಿ ಫೆಡರಲ್ ನ್ಯಾಯಾಲಯದ ಜ್ಯೂರಿ ಅವರನ್ನು ತಪ್ಪಿತಸ್ಥರೆಂದಿತು. 2024ರ ಜೂನ್‌ನಲ್ಲಿ ಎರಡು ವರ್ಷ ಸೆರೆವಾಸದ ಶಿಕ್ಷೆಯಾಯಿತು.

ಒಬ್ಬ ಬರ್ಕ್ ಜೈಲಿಗೆ ಹೋದದ್ದರಿಂದ ಲಿಟಲ್ ವಿಲೇಜ್‌ನ ಮನೆಯೊಡತಿಗೆ ವಕೀಲರು ಸಿಕ್ಕರು ಎಂದೇನೂ ಆಗಲಿಲ್ಲ.

ನ್ಯೂಯಾರ್ಕ್ ರಾಜ್ಯ ಇದಕ್ಕೆ ಒಂದು ಮದ್ದು ಕಂಡುಕೊಂಡಿತ್ತು. ಸ್ವಂತ ಮನೆಯಲ್ಲಿ ವಾಸಿಸುವವರು 30 ಡಾಲರ್ ಶುಲ್ಕ ಕಟ್ಟಿ, ವಕೀಲರಿಲ್ಲದೆ, ವಿಚಾರಣಾಧಿಕಾರಿಯ ಮುಂದೆ ನೇರವಾಗಿ ವಾದಿಸುವ ಸಣ್ಣ ಅಹವಾಲುಗಳ ವ್ಯವಸ್ಥೆ ಅಲ್ಲಿದೆ. ಒಳ್ಳೆಯದೇ. ಆದರೆ ಅದೇ ರಾಜ್ಯದ ನಸಾವ್ ಕೌಂಟಿಯಲ್ಲಿ ತಕರಾರು ಹಾಕಿದವರಿಗೆಲ್ಲ ಸಾಮೂಹಿಕವಾಗಿ ರಿಯಾಯಿತಿ ಕೊಡುತ್ತ ಹೋದಾಗ, ಕೆಲವೇ ವರ್ಷಗಳಲ್ಲಿ ಶತಕೋಟಿ ಡಾಲರಿಗೂ ಮೀರಿದ ಹೊರೆ ತಕರಾರು ಹಾಕದವರ ಮೇಲೆ ಜಾರಿತ್ತು ಎಂದು ನ್ಯೂಸ್‌ಡೇ ಪತ್ರಿಕೆ ಲೆಕ್ಕ ಹಾಕಿತು. ಬಾಗಿಲು ತೆರೆದಿಟ್ಟರೆ ಸಾಲದು. ಬಾಗಿಲಿದೆ ಎಂದು ಗೊತ್ತಿಲ್ಲದವರನ್ನು ಕೈಹಿಡಿದು ಕರೆತರುವವರೂ ಬೇಕು.

ಡೆಟ್ರಾಯಿಟ್‌ನಲ್ಲಿ ಹಾಗೆ ಕರೆತರುವವರು ತಡವಾಗಿ ಬಂದರು. ಮಿಷಿಗನ್ ರಾಜ್ಯದ ಸಂವಿಧಾನವೇ ತೆರಿಗೆಯ ಲೆಕ್ಕದ ಮೌಲ್ಯ ಮಾರುಕಟ್ಟೆ ಬೆಲೆಯ ಅರ್ಧ ದಾಟಬಾರದು ಎನ್ನುತ್ತದೆ. 2008ರ ಆರ್ಥಿಕ ಕುಸಿತದಲ್ಲಿ ಡೆಟ್ರಾಯಿಟ್‌ನ ಮನೆಗಳ ಬೆಲೆ ನೆಲಕಚ್ಚಿತು. ನಗರದ ತೆರಿಗೆ ಪುಸ್ತಕ ಮಾತ್ರ ಹಳೆಯ ಬೆಲೆಗಳನ್ನೇ ಹಿಡಿದು ಕೂತಿತು. ಇಡೀ ನಗರದ ಮರುಮೌಲ್ಯಮಾಪನ ಮುಗಿದದ್ದು 2017ರಲ್ಲಿ, ಸುಮಾರು ಅರವತ್ತು ವರ್ಷಗಳ ಬಳಿಕ. ನಡುವಿನ ವರ್ಷಗಳಲ್ಲಿ ನಗರದ ಅರ್ಧಕ್ಕಿಂತ ಹೆಚ್ಚು ಮನೆಗಳ ಮೇಲಿನ ಅಂದಾಜು ಸಂವಿಧಾನದ ಮಿತಿ ಮೀರಿತ್ತು ಎಂದು ಕಾನೂನು ಪ್ರಾಧ್ಯಾಪಕಿ ಬರ್ನಡೆಟ್ ಅಟುವಾಹೆನೆ ಮತ್ತು ಮೇಲೆ ಹೆಸರಿಸಿದ ಬೆರಿ ತೋರಿಸಿದರು. 2010ರಿಂದ 2016ರವರೆಗೆ ಕನಿಷ್ಠ 60 ಕೋಟಿ ಡಾಲರ್ ಹೆಚ್ಚುವರಿ ತೆರಿಗೆ ವಿಧಿಸಲಾಗಿತ್ತು ಎಂದು ಡೆಟ್ರಾಯಿಟ್ ನ್ಯೂಸ್ ಪತ್ರಿಕೆ 2020ರಲ್ಲಿ ಬರೆಯಿತು.

ಹಣ ಹೋದದ್ದಕ್ಕಿಂತ ದೊಡ್ಡ ನಷ್ಟ ಮನೆ ಹೋದದ್ದು. ಮೂರು ವರ್ಷ ತೆರಿಗೆ ಬಾಕಿ ಉಳಿದರೆ ಕೌಂಟಿ ಮನೆಯನ್ನು ಮುಟ್ಟುಗೋಲು ಹಾಕಿ ಹರಾಜಿಗಿಡುತ್ತದೆ. ಬಾಕಿಗೆ ವರ್ಷಕ್ಕೆ ಶೇ 18 ಬಡ್ಡಿ. ಅತಿ ಬಡವರಿಗೆ ತೆರಿಗೆಯಿಂದ ವಿನಾಯಿತಿಯೂ ಕಾನೂನಿನಲ್ಲಿತ್ತು. ಆದರೆ ಅರ್ಜಿಯ ಫಾರಂ ಸಿಗುವುದೇ ಕಷ್ಟ. ಸಿಕ್ಕರೂ ವರ್ಷವರ್ಷ ಹೊಸದಾಗಿ ಹಾಕಬೇಕು. ಹೀಗಾಗಿ ಒಂದು ಪೈಸೆಯೂ ಕಟ್ಟಬೇಕಿಲ್ಲದ ಜನ ತೆರಿಗೆ ಬಾಕಿಗಾಗಿ ಮನೆ ಕಳೆದುಕೊಂಡರು. 2016ರ ಜುಲೈಯಲ್ಲಿ ನಾಗರಿಕ ಹಕ್ಕುಗಳ ಸಂಸ್ಥೆಯಾದ ಎಸಿಎಲ್‌ಯುವಿನ ವಕೀಲರು ನಿವಾಸಿಗಳ ಪರವಾಗಿ ಉಚಿತವಾಗಿ ದಾವೆ ಹೂಡಿದರು. 2018ರಲ್ಲಿ ನಗರಾಡಳಿತದೊಂದಿಗೆ ರಾಜಿಯಾಯಿತು. ವಿನಾಯಿತಿಯ ಅರ್ಜಿ ಸರಳವಾಯಿತು, ವಿನಾಯಿತಿಗೆ ಅರ್ಹರಾಗಿದ್ದೂ ಮನೆ ಕಳೆದುಕೊಳ್ಳುವ ಹಂತಕ್ಕೆ ಬಂದವರು ಸಾವಿರ ಡಾಲರಿಗೆ ತಮ್ಮ ಮನೆಯನ್ನು ಮರಳಿ ಕೊಳ್ಳುವ ಅವಕಾಶ ಬಂತು. ಆದರೆ ಹಿಂದಿನ ವರ್ಷಗಳಲ್ಲಿ ಹೆಚ್ಚುವರಿಯಾಗಿ ತೆತ್ತ ತೆರಿಗೆ ಜನರಿಗೆ ಮರಳಲಿಲ್ಲ. ತಕರಾರು ಸಲ್ಲಿಸುವ ಗಡುವುಗಳು ಎಂದೋ ಮುಗಿದಿದ್ದವು. ಅದೇ ವಕೀಲರು 2010ರಲ್ಲಿ ಸಿಕ್ಕಿದ್ದರೆ ಎಷ್ಟು ಮನೆಗಳ ದೀಪ ಆರದೆ ಉಳಿಯುತ್ತಿತ್ತು ಎಂಬ ಯೋಚನೆ ಮನಸ್ಸನ್ನು ಕಲಕುತ್ತದೆ.

ಮಿನೆಸೋಟ ರಾಜ್ಯದ 94 ವರ್ಷದ ವೃದ್ಧೆಯ ಪ್ರಕರಣ ಇದೇ ಸಾಲಿನದು. 2,300 ಡಾಲರ್ ತೆರಿಗೆ ಬಾಕಿ ದಂಡ ಬಡ್ಡಿ ಸೇರಿ 15,000 ಆಯಿತು. ಕೌಂಟಿ ಆಕೆಯ ಮನೆಯನ್ನು 40,000 ಡಾಲರಿಗೆ ಮಾರಿ ಉಳಿದ 25,000ವನ್ನೂ ತಾನೇ ಇಟ್ಟುಕೊಂಡಿತು. ಶುಲ್ಕವಿಲ್ಲದೆ ವಾದಿಸುವ ಸಂಸ್ಥೆಯ ವಕೀಲರು ಅದನ್ನು ಅಮೆರಿಕದ ಸುಪ್ರೀಂ ಕೋರ್ಟಿಗೆ ಒಯ್ದರು. 2023ರ ಮೇ ತಿಂಗಳಲ್ಲಿ ಒಂಬತ್ತೂ ನ್ಯಾಯಮೂರ್ತಿಗಳು ಆಕೆಯ ಪರ ತೀರ್ಪಿತ್ತರು.

ಟೆಕ್ಸಾಸ್‌ನಲ್ಲಿ ನೆಲೆಸಿದ ಕನ್ನಡ ಕುಟುಂಬಗಳಿಗೆ ಇದೆಲ್ಲ ಹೊಸತಲ್ಲ. ರಾಜ್ಯ ಮಟ್ಟದ ಆದಾಯ ತೆರಿಗೆ ಇಲ್ಲದ ಆ ರಾಜ್ಯದಲ್ಲಿ ಆಸ್ತಿ ತೆರಿಗೆ ಭಾರವಾದದ್ದು. ಮೇ 15ರೊಳಗೆ ತಕರಾರು ಹಾಕುವುದು ಅಲ್ಲಿ ಮನೆಯ ವಾರ್ಷಿಕ ಕೆಲಸಗಳಲ್ಲಿ ಒಂದು. ಓದಿದವರು, ಇಂಗ್ಲಿಷು ಬಲ್ಲವರು, ಅಕ್ಕಪಕ್ಕದ ಮನೆಗಳ ಬೆಲೆಯನ್ನು ಕಂಪ್ಯೂಟರಿನಲ್ಲಿ ಹುಡುಕಬಲ್ಲವರು ತಮ್ಮ ಅರ್ಜಿ ತಾವೇ ಬರೆದುಕೊಳ್ಳುತ್ತಾರೆ. ಉಳಿದವರ ಪ್ರಶ್ನೆ ಅಲ್ಲೂ ಉಳಿದೇ ಇದೆ.

ಇಲ್ಲಿ ಒಂದು ಭೇದವನ್ನು ಸ್ಪಷ್ಟವಾಗಿ ಹೇಳಬೇಕು. ಬೆಂಗಳೂರಿನ ಕಂದಾಯ ಊರಹಬ್ಬದ ವಂತಿಗೆಯಲ್ಲ. ದರ ಮೊದಲೇ ನಿಗದಿಯಾಗಿರುವುದರಿಂದ ಒಬ್ಬರ ತೆರಿಗೆ ಇಳಿದರೆ ಪಕ್ಕದವರದು ಏರುವುದಿಲ್ಲ. ಆದ್ದರಿಂದ ಶಿಕಾಗೋದ ಅನ್ಯಾಯವನ್ನು ಹಾಗೆಯೇ ಇಲ್ಲಿಗೆ ತಂದು ನೆಡಲಾಗದು. ನಮ್ಮಲ್ಲಿ ವಕೀಲರಿಲ್ಲದವರು ತೆರುವ ಬೆಲೆ ಬೇರೆ ಬಗೆಯದು: ತಪ್ಪಿಲ್ಲದಿದ್ದರೂ ದಂಡ ಕಟ್ಟುವುದು, ಅಥವಾ ಹೆದರಿ ಸುಮ್ಮನಿದ್ದು ಬಡ್ಡಿ ಬೆಳೆಯಲು ಬಿಡುವುದು. 2024ರಲ್ಲಿ ಬೆಂಗಳೂರಿನ ಬಾಕಿದಾರರಿಗೆ ಬಡ್ಡಿ ಮನ್ನಾ ಮಾಡಿ ದಂಡದಲ್ಲಿ ಅರ್ಧ ಇಳಿಸುವ ಒಂದು ಬಾರಿಯ ಯೋಜನೆ ಬಂತು. ಗಡುವು ಮತ್ತೆ ಮತ್ತೆ ವಿಸ್ತರಣೆಯಾಗಿ ನವೆಂಬರ್ 30ರವರೆಗೆ ನಡೆಯಿತು. ಅದು ಸರ್ಕಾರದ ಔದಾರ್ಯ, ಸಂತೋಷ. ಆದರೆ ರಿಯಾಯಿತಿ ಪಡೆದವನು ತಾನು ತಪ್ಪು ಮಾಡಿಲ್ಲ ಎಂಬುದನ್ನು ಎಲ್ಲಿಯೂ ದಾಖಲಿಸಲಾರ. ಮೇಲ್ಮನವಿ ಆ ದಾಖಲೆಯನ್ನು ಕೊಡುತ್ತದೆ.

ಭಾರತದ ನ್ಯಾಯಾಲಯಗಳಲ್ಲಿ ಕಂದಾಯದ ತಕರಾರಿಗೆ ದೊಡ್ಡ ಚರಿತ್ರೆಯೇ ಇದೆ. 1961ರಲ್ಲಿ ಕಲ್ಕತ್ತಾ ಪಾಲಿಕೆ ಮತ್ತು ಪದ್ಮಾ ದೇವಿ ಎಂಬವರ ನಡುವಿನ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್, ಬಾಡಿಗೆ ನಿಯಂತ್ರಣ ಕಾಯ್ದೆ ಒಪ್ಪಿದ ಬಾಡಿಗೆಗಿಂತ ಹೆಚ್ಚು ಮೌಲ್ಯವನ್ನು ತೆರಿಗೆಗಾಗಿ ಊಹಿಸುವಂತಿಲ್ಲ ಎಂದಿತು. 1979ರಲ್ಲಿ ದೆಹಲಿಯ ಇನ್ನೊಂದು ಪ್ರಕರಣ ಅದನ್ನೇ ಗಟ್ಟಿಮಾಡಿತು. ಬೆಳಗಾವಿ ಪಾಲಿಕೆಯ ವಿರುದ್ಧ ಹೋದ ಪ್ರಕರಣವೊಂದರಲ್ಲಿ ಈ ಪ್ರಶ್ನೆ 1994ರಲ್ಲಿ ಮತ್ತೆ ಸುಪ್ರೀಂ ಕೋರ್ಟಿನ ಮುಂದೆ ಬಂತು. ಒಬ್ಬೊಬ್ಬ ಮಾಲೀಕರ ತಕರಾರು ದೇಶದ ನಗರಗಳ ತೆರಿಗೆ ಪದ್ಧತಿಯನ್ನೇ ಅಲುಗಿಸಿದೆ. ಆದರೆ ಅಷ್ಟು ದೂರ ನಡೆಯಲು ಕಾಲಲ್ಲಿ ಕಸುವೂ ಕೈಯಲ್ಲಿ ಕಾಸೂ ಬೇಕು. ದೆಹಲಿಯ ಕಾನೂನಿನಲ್ಲಂತೂ ವಿವಾದದಲ್ಲಿರುವ ತೆರಿಗೆಯನ್ನು ಮೊದಲು ಕಟ್ಟಿದರೆ ಮಾತ್ರ ಮೇಲ್ಮನವಿಯ ವಿಚಾರಣೆ ಎಂಬ ಷರತ್ತಿತ್ತು. 1992ರ ಶ್ಯಾಮ್ ಕಿಶೋರ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಆ ಷರತ್ತನ್ನು ಎತ್ತಿಹಿಡಿಯಿತು. ಕಾನೂನಿನ ಕಣ್ಣಲ್ಲಿ ಸರಿಯೇ ಇರಬಹುದು, ಹಣವಿಲ್ಲದವನಿಗೆ ಅದು ಬಾಗಿಲಲ್ಲೇ ಬಿದ್ದ ಅಗುಳಿ.

ಹಾಗಾದರೆ ಕಾನೂನು ನೆರವು ಎಲ್ಲಿದೆ? ಉತ್ತರ ಪುಸ್ತಕದಲ್ಲಿ ಆಗಲೇ ಬರೆದಿದೆ. 1976ರಲ್ಲಿ ಸಂವಿಧಾನಕ್ಕೆ ಸೇರಿದ 39ಎ ವಿಧಿ ಉಚಿತ ಕಾನೂನು ನೆರವನ್ನು ರಾಜ್ಯದ ಹೊಣೆಯಾಗಿಸಿತು. ಅದರ ಫಲವಾದ 1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯ್ದೆ 1995ರ ನವೆಂಬರ್ 9ರಂದು ಜಾರಿಗೆ ಬಂತು. ಕಾನೂನು ಸೇವೆ ಎಂದರೆ ಕ್ರಿಮಿನಲ್ ಕೇಸು, ಜೀವನಾಂಶ, ಜಾಮೀನು ಎಂದೇ ಜನ ತಿಳಿದಿದ್ದಾರೆ, ಎಷ್ಟೋ ವಕೀಲರೂ ಹಾಗೇ ತಿಳಿದಿದ್ದಾರೆ. ಕಾಯ್ದೆಯ ಎರಡನೆಯ ಕಲಮು ಓದಿದರೆ ಬೇರೆಯದೇ ಕಾಣುತ್ತದೆ. ಯಾವುದೇ ನ್ಯಾಯಾಲಯ, ನ್ಯಾಯಮಂಡಳಿ ಅಥವಾ ಪ್ರಾಧಿಕಾರದ ಮುಂದೆ ಪ್ರಕರಣ ನಡೆಸುವುದೂ ಯಾವುದೇ ಕಾನೂನು ವಿಷಯದಲ್ಲಿ ಸಲಹೆ ಕೊಡುವುದೂ ಅದರೊಳಗೆ ಸೇರಿದೆ. ಕಂದಾಯದ ತಕರಾರು ಕೇಳಿ ನ್ಯಾಯನಿರ್ಣಯ ಮಾಡುವ ಅಧಿಕಾರಿಯೂ ಆ ಅರ್ಥದ ಪ್ರಾಧಿಕಾರವೇ.

ಹನ್ನೆರಡನೆಯ ಕಲಮು ಇನ್ನೂ ಉದಾರ. ಪರಿಶಿಷ್ಟ ಜಾತಿ, ಪರಿಶಿಷ್ಟ ಪಂಗಡದವರು, ಮಹಿಳೆಯರು, ಮಕ್ಕಳು, ಅಂಗವಿಕಲರು, ಕೈಗಾರಿಕಾ ಕಾರ್ಮಿಕರು ಆದಾಯದ ಮಿತಿಯಿಲ್ಲದೆ ನೆರವಿಗೆ ಅರ್ಹರು. ಉಳಿದವರಿಗೆ ಸರ್ಕಾರ ನಿಗದಿ ಮಾಡಿದ ಆದಾಯದ ಮಿತಿ ಇದೆ. ಗಂಡನನ್ನು ಕಳೆದುಕೊಂಡು, ಖಾತಾ ತನ್ನ ಹೆಸರಿಗೆ ಮಾಡಿಸಿಕೊಂಡು, ಮೇಲಿನ ಮಹಡಿಯ ಬಾಡಿಗೆಯಲ್ಲಿ ಬದುಕುವ ಹೆಣ್ಣುಮಗಳು ಕಂದಾಯದ ನೋಟಿಸು ಹಿಡಿದು ಬಂದರೆ, ಆಕೆಗೆ ಸರ್ಕಾರಿ ಖರ್ಚಿನಲ್ಲಿ ವಕೀಲರನ್ನು ಕೇಳುವ ಹಕ್ಕಿದೆ. ಹೆಣ್ಣು ಎಂಬುದೊಂದೇ ಸಾಕು, ಬಡತನದ ಪ್ರಮಾಣಪತ್ರ ಬೇಕಿಲ್ಲ. ಕೇಸಿನಲ್ಲಿ ಮೇಲ್ನೋಟಕ್ಕೆ ಹುರುಳಿದೆ ಎಂದು ಪ್ರಾಧಿಕಾರಕ್ಕೆ ಅನಿಸಬೇಕು, ಅಷ್ಟೆ. ಜಿಲ್ಲಾ ನ್ಯಾಯಾಲಯದ ಆವರಣದ ಜಿಲ್ಲಾ ಪ್ರಾಧಿಕಾರ, ತಾಲ್ಲೂಕಿನ ಸಮಿತಿ, ಬೆಂಗಳೂರಿನ ಸಿದ್ದಯ್ಯ ರಸ್ತೆಯ ‘ನ್ಯಾಯ ದೇಗುಲ’ದಲ್ಲಿರುವ ರಾಜ್ಯ ಪ್ರಾಧಿಕಾರ, 15100 ಎಂಬ ಸಹಾಯವಾಣಿ, ಇಷ್ಟೂ ಬಾಗಿಲುಗಳು ತೆರೆದಿವೆ. ಕಂದಾಯದ ಕಾಗದ ಹಿಡಿದು ಅಲ್ಲಿಗೆ ಹೋಗಬಹುದೆಂದು ಆಕೆಗೆ ಹೇಳುವವರು ಮಾತ್ರ ಇಲ್ಲ.

ಹೇಳಬೇಕಾದವರು ಕಾನೂನು ಕಾಲೇಜಿನವರು. ಪ್ರತಿ ಕಾನೂನು ಕಾಲೇಜಿನಲ್ಲೂ ನೆರವು ಕೇಂದ್ರ ಇರಬೇಕೆಂದು ಭಾರತೀಯ ವಕೀಲರ ಪರಿಷತ್ತಿನ ನಿಯಮವಿದೆ. ಏಪ್ರಿಲ್ ತಿಂಗಳಲ್ಲಿ ಕಂದಾಯ ಕಟ್ಟಿದವರಿಗೆ ಶೇ 5 ರಿಯಾಯಿತಿ ಸಿಗುವುದರಿಂದ ಆ ತಿಂಗಳು ಬೆಂಗಳೂರಿನ ಕಂದಾಯ ಕಚೇರಿಗಳಲ್ಲಿ ಜನ ಕಿಕ್ಕಿರಿಯುತ್ತಾರೆ. ಕಚೇರಿಯ ಹೊರಗೆ ಒಂದು ಮೇಜು, ಎರಡು ಕುರ್ಚಿ, ಕೊನೆಯ ವರ್ಷದ ಇಬ್ಬರು ವಿದ್ಯಾರ್ಥಿಗಳು, ಅವರ ಹಿಂದೆ ಪ್ರಾಧಿಕಾರದ ಪಟ್ಟಿಯಲ್ಲಿರುವ ಒಬ್ಬ ವಕೀಲರು. ನೋಟಿಸು ತಂದವರಿಂದ ಮೊದಲು ಕೇಳಬೇಕಾದದ್ದು ನೋಟಿಸು ಕೈಗೆ ಬಂದ ದಿನಾಂಕ, ಏಕೆಂದರೆ ಗಡುವು ಅಲ್ಲಿಂದ ಓಡುತ್ತದೆ. ಆಮೇಲೆ ಹಳೆಯ ರಸೀದಿಗಳು, ಖಾತಾ, ಕ್ರಯಪತ್ರ, ಮಂಜೂರಾದ ನಕ್ಷೆ, ವಿದ್ಯುತ್ ಬಿಲ್ಲು. ವಲಯ ಸರಿಯೇ, ಅಳತೆ ಸರಿಯೇ, ಕಟ್ಟಡದ ವಯಸ್ಸಿಗೆ ಸವಕಳಿ ಕೊಟ್ಟಿದ್ದಾರೆಯೇ, ಸ್ವಂತ ವಾಸದ ಮನೆಯನ್ನು ಬಾಡಿಗೆಯದೆಂದು ಬರೆದುಕೊಂಡಿದ್ದಾರೆಯೇ ಎಂದು ನೋಡಲು ಅರ್ಧ ಗಂಟೆ ಸಾಕು. ತಪ್ಪು ಮಾಲೀಕರದ್ದೇ ಎಂದು ಕಂಡರೆ ಅದನ್ನೂ ನೇರವಾಗಿ ಹೇಳಿ ಕಟ್ಟಲು ತಿಳಿಸಬೇಕು. ಅಲ್ಲವಾದರೆ ಕನ್ನಡದಲ್ಲಿ ಒಂದು ಪುಟದ ಆಕ್ಷೇಪಣೆ, ಜೊತೆಗೆ ದಾಖಲೆಗಳ ನಕಲು. ಕಚೇರಿಯ ಟಪಾಲು ವಿಭಾಗದಲ್ಲಿ ಅದನ್ನು ಕೊಟ್ಟು, ಇನ್ನೊಂದು ಪ್ರತಿಯ ಮೇಲೆ ದಿನಾಂಕ ಸಹಿತ ಸ್ವೀಕೃತಿಯ ಮೊಹರು ಹಾಕಿಸಿಕೊಂಡು, ಅಧಿಕಾರಿಯಿಂದ ಲಿಖಿತ ಹಿಂಬರಹ ಬರುವವರೆಗೆ ಆ ಪ್ರತಿಯನ್ನು ರಸೀದಿಗಳ ಜೊತೆ ಜೋಪಾನವಾಗಿ ಇಟ್ಟುಕೊಳ್ಳುವಂತೆ ಅವರಿಗೆ ಹೇಳಿ ಕಳಿಸಬೇಕು.